ದಂಡದ ಪತ್ರವು ತೀರ್ಪಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯಲ್ಲಿ ನೆರೆಹೊರೆಯವರೊಡನೆ ನೆಮ್ಮದಿಯಿಂದ ಬಾಳಿ ನೋಡು ಎಂಬ ಮೂರನೆಯ ಮಾತನ್ನೂ ಈ ಕಾಲದಲ್ಲಿ ಅದಕ್ಕೆ ಸೇರಿಸಬೇಕಾಗಿದೆ. ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕೆಯಲ್ಲಿ ನೆಲೆಸಿ, ದೀರ್ಘಕಾಲದ ಸಾಲವನ್ನು ಹೊತ್ತು ಮನೆ ಕೊಂಡಿದ್ದಾರೆ. ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ತುಮಕೂರುಗಳಿಂದ ತಂದೆತಾಯಿಗಳು ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬರುವುದೂ ಈಗ ಸಾಮಾನ್ಯ ಸಂಗತಿ. ಹೀಗೆ ಹೋದ ಹಿರಿಯರನ್ನು ದಿಗ್ಭ್ರಮೆಗೊಳಿಸುವ ಸಂಗತಿಯೊಂದಿದೆ. ಮುಂದಿನ ಹುಲ್ಲು ಎತ್ತರ ಬೆಳೆದಿದೆ, ಕಸದ ಡಬ್ಬಿ ಬೀದಿಗೆ ಕಾಣುತ್ತಿದೆ, ಬಾಲ್ಕನಿಯ ಕಂಬಿಯ ಮೇಲೆ ಸೀರೆ ಒಣಹಾಕಿದೆ, ಆದ್ದರಿಂದ ಇಷ್ಟು ಡಾಲರ್ ದಂಡ ತೆರತಕ್ಕದ್ದು ಎಂಬ ಒಕ್ಕಣೆಯ ಪತ್ರವೊಂದು ಮಗನ ಹೆಸರಿಗೆ ಬರುತ್ತದೆ. ನಮ್ಮ ಮನೆ, ನಮ್ಮ ಸೀರೆ, ದಂಡ ಹಾಕುವವರು ಯಾರು ಎಂದು ತಾಯಿ ಕೇಳುತ್ತಾಳೆ. ಉತ್ತರ ಕೊಡಲು ಮಗನಿಗೂ ತಿಳಿದಿರುವುದಿಲ್ಲ.

ಇಂತಹ ಪತ್ರ ಬಂದಾಗ ನಮ್ಮ ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಪರದೇಶದಲ್ಲಿ ಮಾನ ಹೋಯಿತೆಂದು ಸಂಕೋಚಪಟ್ಟು, ಒಂದು ಮಾತನ್ನೂ ಕೇಳದೆ ಹಣ ಕಟ್ಟಿಬಿಡುವುದು ಒಂದು ದಾರಿ. ಸಿಟ್ಟಿನಿಂದ ಪತ್ರವನ್ನು ಮೂಲೆಗೆ ಎಸೆದು ಮರೆಯುವುದು ಇನ್ನೊಂದು. ಮೊದಲನೆಯದರಿಂದ ಕೊಡಬೇಕಿಲ್ಲದ ಹಣ ಹೋಗಬಹುದು. ಎರಡನೆಯದರಿಂದ ಕೇಳಿಸಿಕೊಳ್ಳುವ ಹಕ್ಕೇ ಹೋಗುತ್ತದೆ. ನಾವು ಈ ತಿಂಗಳು ಹೇಳಬಯಸುವುದು ಮೂರನೆಯ ದಾರಿಯನ್ನು. ದಂಡದ ಪತ್ರವು ತೀರ್ಪಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಉತ್ತರವನ್ನು ನಿರೀಕ್ಷಿಸುವ ಆರೋಪಪತ್ರ. ಗಡುವಿನೊಳಗೆ, ಬರಹದಲ್ಲಿ, ಶಾಂತವಾಗಿ ಉತ್ತರ ಕೊಟ್ಟವನಿಗೆ ಕಾನೂನು ಕಿವಿಗೊಡುತ್ತದೆ.

ಮೊದಲು ಈ ಸಂಘ ಎಂದರೇನೆಂದು ತಿಳಿಯೋಣ. ಅಮೆರಿಕೆಯಲ್ಲಿ ಬಡಾವಣೆಯೊಂದನ್ನು ನಿರ್ಮಿಸುವ ಸಂಸ್ಥೆಯು ಮನೆಗಳನ್ನು ಮಾರುವುದಕ್ಕೆ ಮುಂಚೆಯೇ ನಿಬಂಧನೆಗಳ ಪತ್ರವೊಂದನ್ನು ಆ ಕೌಂಟಿಯ ದಾಖಲೆಯಲ್ಲಿ ನೋಂದಾಯಿಸುತ್ತದೆ. ಅಲ್ಲಿ ಮನೆ ಕೊಳ್ಳುವ ಪ್ರತಿಯೊಬ್ಬನೂ ತಾನಾಗಿಯೇ ಹೋಮ್ ಓನರ್ಸ್ ಅಸೋಸಿಯೇಷನ್ ಎಂಬ ಮನೆಮಾಲೀಕರ ಸಂಘದ ಸದಸ್ಯನಾಗುತ್ತಾನೆ. ಸೇರುವುದಿಲ್ಲ ಎನ್ನಲು ಅವಕಾಶವಿಲ್ಲ. ರಸ್ತೆ, ಉದ್ಯಾನ, ಈಜುಕೊಳ ಮುಂತಾದವುಗಳ ಖರ್ಚಿಗೆಂದು ಸಂಘವು ಚಂದಾ ಎತ್ತುತ್ತದೆ, ನಿಯಮ ಮೀರಿದವರಿಗೆ ದಂಡ ವಿಧಿಸುತ್ತದೆ. ಆ ದೇಶದಲ್ಲಿ ಇಂತಹ ಸಂಘಗಳು ಮೂರೂವರೆ ಲಕ್ಷಕ್ಕೂ ಹೆಚ್ಚಿದ್ದು, ಸುಮಾರು 7.5 ಕೋಟಿ ಜನರು ಇವುಗಳ ವ್ಯಾಪ್ತಿಯಲ್ಲಿ ವಾಸಿಸುತ್ತಿದ್ದಾರೆ ಎಂಬುದು ಅಂದಾಜು. ಮನೆಯ ಕಾಗದಗಳಿಗೆ ಸಹಿ ಹಾಕುವ ದಿನ ನೂರು ಪುಟಗಳ ಈ ನಿಬಂಧನೆಯನ್ನು ಓದುವವರು ವಿರಳ. ದಂಡದ ಪತ್ರ ಬಂದ ದಿನವಾದರೂ ಅದನ್ನು ತೆಗೆದು ಓದಲೇಬೇಕು.

ಸಂಘದ ಅಧಿಕಾರವು ಮೂರು ಅಂತಸ್ತುಗಳಲ್ಲಿದೆ. ಎಲ್ಲಕ್ಕಿಂತ ಮೇಲಿನದು ಆ ರಾಜ್ಯದ ಕಾನೂನು. ಅದರ ಕೆಳಗೆ ನೋಂದಾಯಿತ ನಿಬಂಧನಾಪತ್ರ. ಅದರ ಕೆಳಗೆ ಆಡಳಿತ ಮಂಡಲಿಯು ಕಾಲಕಾಲಕ್ಕೆ ಮಾಡುವ ನಿಯಮಗಳು. ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ. ಆದ್ದರಿಂದ ಪತ್ರ ಕೈಗೆ ಬಂದೊಡನೆ ಕೇಳಬೇಕಾದ ಪ್ರಶ್ನೆಗಳು ಎರಡು: ನಾವು ಮೀರಿದೆವೆನ್ನುವ ನಿಯಮವು ಯಾವ ಪತ್ರದ ಯಾವ ಕಲಮಿನಲ್ಲಿದೆ? ಅದಕ್ಕಾಗಿ ದಂಡ ಹಾಕುವ ಅಧಿಕಾರವನ್ನು ಸಂಘಕ್ಕೆ ಕೊಟ್ಟವರು ಯಾರು?

ಈ ಎರಡನೆಯ ಪ್ರಶ್ನೆಯ ಬಲವನ್ನು ತೋರಿಸುವ ಪ್ರಸಂಗವೊಂದು ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ನಡೆಯಿತು. 2008ರ ಅಧ್ಯಕ್ಷೀಯ ಚುನಾವಣೆಯ ಸಮಯದಲ್ಲಿ ದಂಪತಿಗಳು ತಮ್ಮ ಅಂಗಳದಲ್ಲಿ ನಿಲ್ಲಿಸಿದ ಫಲಕವು ಸಂಘದ ಅಳತೆಗಿಂತ ನಾಲ್ಕು ಅಂಗುಲ ಹೆಚ್ಚಾಗಿತ್ತು. ಜಗಳ ಬೆಳೆದು ದಂಡದ ಅಧಿಕಾರದವರೆಗೆ ಹೋಯಿತು. ಮೂಲ ನಿಬಂಧನೆಯಲ್ಲಿ ದಂಡ ವಿಧಿಸುವ ಅಧಿಕಾರವೇ ಆ ಸಂಘಕ್ಕೆ ಇಲ್ಲವೆಂದು ನ್ಯಾಯಾಲಯ ಹೇಳಿತು. ವ್ಯಾಜ್ಯದ ಖರ್ಚಿನಲ್ಲಿ ಸಂಘವು ದಿವಾಳಿಯೆದ್ದಿತು. ನಾಲ್ಕು ಅಂಗುಲಕ್ಕಾಗಿ ಇಡೀ ಬಡಾವಣೆಯ ಗಂಟು ಕರಗಿತು.

ಆದರೆ ಇದನ್ನು ಕೇಳಿ ಎಲ್ಲ ದಂಡಗಳೂ ಅನ್ಯಾಯವೆಂದು ಭಾವಿಸುವುದು ತಪ್ಪು. ಇದಕ್ಕೆ ವಿರುದ್ಧವಾದ ನಿದರ್ಶನವು ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯದು. ಅಲ್ಲಿಯ 530 ಮನೆಗಳ ವಸತಿ ಸಮುಚ್ಚಯದಲ್ಲಿ ಮಹಿಳೆಯೊಬ್ಬರು ಮೂರು ಬೆಕ್ಕುಗಳನ್ನು ಸಾಕಿದ್ದರು. ಸಾಕುಪ್ರಾಣಿಗಳನ್ನು ನಿಷೇಧಿಸುವ ನಿಬಂಧನೆ ಅಲ್ಲಿ ಮೊದಲಿನಿಂದಲೂ ಇತ್ತು. ಬೆಕ್ಕುಗಳು ಮನೆಯೊಳಗೇ ಇರುತ್ತವೆ, ಯಾರಿಗೂ ತೊಂದರೆಯಿಲ್ಲ ಎಂದು ಅವರು ವಾದಿಸಿದರು. 1994ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಸಂಘದ ಪರವಾಗಿ ನಿಂತಿತು. ನೋಂದಾಯಿತ ನಿಬಂಧನೆಯು ನ್ಯಾಯಸಮ್ಮತವೆಂದೇ ಮೊದಲು ಭಾವಿಸಬೇಕು. ಒಬ್ಬರಿಗೆ ಕಷ್ಟವಾಗುತ್ತದೆಯೇ ಎಂದು ನೋಡದೆ ಇಡೀ ಸಮುಚ್ಚಯದ ದೃಷ್ಟಿಯಿಂದ ಅದನ್ನು ತೂಗಬೇಕು ಎಂಬುದು ತೀರ್ಪಿನ ಸಾರ. ಮುಂದೆ ಆ ರಾಜ್ಯದ ಶಾಸನಸಭೆಯೇ ಕಾನೂನು ಮಾಡಿ, 2001ರ ಜನವರಿ 1ರ ನಂತರದ ನಿಬಂಧನೆಗಳ ಮಟ್ಟಿಗೆ ಒಂದು ಸಾಕುಪ್ರಾಣಿಯನ್ನಾದರೂ ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿತು. ನನಗೆ ಒಪ್ಪಿಗೆಯಿಲ್ಲ ಎಂಬ ಮಾತು ವಾದವಾಗುವುದಿಲ್ಲ, ಕಾನೂನು ಒಪ್ಪುವುದಿಲ್ಲ ಎಂಬುದು ಮಾತ್ರ ವಾದವಾಗುತ್ತದೆ ಎಂಬ ಪಾಠವನ್ನು ಇದರಿಂದ ಕಲಿಯಬೇಕು.

ಇನ್ನು ಕ್ರಮದ ವಿಚಾರ. ತಪ್ಪು ನಡೆದಿದ್ದರೂ ದಂಡ ಹಾಕುವುದಕ್ಕೆ ಒಂದು ವಿಧಿಯಿದೆ. ಅದನ್ನು ಬಿಟ್ಟು ಹಾಕಿದ ದಂಡ ನಿಲ್ಲುವುದು ಕಷ್ಟ. ಈ ವಿಧಿಯು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ನಮ್ಮವರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾದಲ್ಲಿ 1985ರಲ್ಲಿ ರೂಪುಗೊಂಡ ಡೇವಿಸ್-ಸ್ಟರ್ಲಿಂಗ್ ಕಾಯ್ದೆ ಇದನ್ನು ನಿಯಂತ್ರಿಸುತ್ತದೆ. ಅದರಂತೆ ಮಂಡಲಿಯು ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ಲಿಖಿತ ಸೂಚನೆ ಕೊಡಬೇಕು. ಮನೆಯವನಿಗೆ ಸಭೆಗೆ ಬಂದು ಮಾತನಾಡುವ ಹಕ್ಕುಂಟು. 2025ರ ಜೂನ್ 30ರಂದು ಅಂಗೀಕಾರವಾದ ತಿದ್ದುಪಡಿಯು ಇನ್ನೂ ಮುಂದೆ ಹೋಗಿದೆ. ಆರೋಗ್ಯಕ್ಕೋ ಸುರಕ್ಷತೆಗೋ ಹಾನಿಯಾಗುವ ಸಂದರ್ಭವನ್ನುಳಿದು ಒಂದು ಉಲ್ಲಂಘನೆಗೆ 100 ಡಾಲರಿಗಿಂತ ಹೆಚ್ಚು ದಂಡ ವಿಧಿಸುವಂತಿಲ್ಲ. ವಿಚಾರಣೆಗೆ ಮೊದಲೇ ತಪ್ಪನ್ನು ಸರಿಪಡಿಸಿದರೆ ದಂಡವೇ ಇಲ್ಲ. ದಂಡದ ಮೇಲೆ ಬಡ್ಡಿಯನ್ನಾಗಲಿ ವಿಳಂಬ ಶುಲ್ಕವನ್ನಾಗಲಿ ಹೇರುವಂತಿಲ್ಲ. ಮಂಡಲಿಯ ನಿರ್ಣಯವು 14 ದಿನಗಳೊಳಗೆ ಲಿಖಿತವಾಗಿ ಬರಬೇಕು.

ಟೆಕ್ಸಾಸಿನಲ್ಲಿ ಸೂಚನಾಪತ್ರವು ತಪ್ಪನ್ನು ತಿದ್ದಿಕೊಳ್ಳಲು ಯೋಗ್ಯವಾದ ಕಾಲಾವಕಾಶ ಕೊಡಬೇಕು. ಹಿಂದಿನ ಆರು ತಿಂಗಳೊಳಗೆ ಅದೇ ಬಗೆಯ ತಪ್ಪಿಗೆ ಸೂಚನೆ ಬಂದಿದ್ದರೆ ಮಾತ್ರ ಈ ಅವಕಾಶ ದೊರೆಯದು. ಪತ್ರ ಅಂಚೆಗೆ ಬಿದ್ದ 30 ದಿನಗಳೊಳಗೆ ಮನೆಯವನು ವಿಚಾರಣೆಯನ್ನು ಬರಹದಲ್ಲಿ ಕೇಳಬಹುದು. ವಿಚಾರಣೆಗೆ 10 ದಿನ ಮುಂಚೆ ಸಂಘವು ತನ್ನ ಬಳಿಯಿರುವ ಛಾಯಾಚಿತ್ರ, ದಾಖಲೆಗಳೆಲ್ಲವನ್ನೂ ಅವನಿಗೆ ಒಪ್ಪಿಸಬೇಕು. ಫ್ಲಾರಿಡಾದಲ್ಲಿ 14 ದಿನಗಳ ಸೂಚನೆ ಅಗತ್ಯ. ಅಲ್ಲಿ ದಂಡವನ್ನು ಒಪ್ಪುವ ಅಥವಾ ತಳ್ಳಿಹಾಕುವ ಅಧಿಕಾರವು ಕನಿಷ್ಠ ಮೂವರು ಸದಸ್ಯರ ಸಮಿತಿಯದು. ಆ ಮೂವರು ಮಂಡಲಿಯ ಪದಾಧಿಕಾರಿಗಳಾಗಿರಬಾರದು, ಪದಾಧಿಕಾರಿಗಳ ಪತಿಪತ್ನಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರೂ ಆಗಿರಬಾರದು. ಸಮಿತಿಯ ಬಹುಮತ ಒಪ್ಪದಿದ್ದರೆ ದಂಡವಿಲ್ಲ. ವರ್ಜೀನಿಯಾದಲ್ಲಿ ಒಂದು ತಪ್ಪಿಗೆ 50 ಡಾಲರ್, ಮುಂದುವರಿಯುವ ತಪ್ಪಿಗೆ ದಿನಕ್ಕೆ 10 ಡಾಲರಿನಂತೆ 90 ದಿನಗಳವರೆಗೆ ಎಂಬ ಮಿತಿಯಿದೆ. ಅರಿಜೋನಾದಲ್ಲಿ ಸೂಚನೆ ಬಂದ 21 ದಿನಗಳೊಳಗೆ ಸರ್ಟಿಫೈಡ್ ಅಂಚೆಯ ಮೂಲಕ ಉತ್ತರ ಬರೆದರೆ, ಸಂಘವು 10 ಕೆಲಸದ ದಿನಗಳೊಳಗೆ ಯಾವ ಕಲಮು, ಯಾವ ದಿನ, ಯಾರು ಕಂಡರು ಎಂಬುದನ್ನು ಕಂಡವರ ಹೆಸರಿನೊಂದಿಗೆ ತಿಳಿಸಬೇಕಾಗುತ್ತದೆ.

ಈ ವಿವರಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಇವೆಲ್ಲದರ ಹಿಂದಿರುವ ತತ್ವ ಒಂದೇ. ಆರೋಪವನ್ನು ತಿಳಿಸಬೇಕು, ಆಧಾರ ತೋರಿಸಬೇಕು, ಆರೋಪಿತನ ಮಾತು ಕೇಳಬೇಕು. ನಮ್ಮ ಹಳ್ಳಿಯ ಪಂಚಾಯಿತಿಕಟ್ಟೆಯಲ್ಲಿಯೂ ಇಬ್ಬರ ಮಾತು ಕೇಳದೆ ಹಿರಿಯರು ತೀರ್ಮಾನ ಹೇಳುತ್ತಿರಲಿಲ್ಲ.

ನಮ್ಮ ಮನೆಗಳ ರೂಢಿಗೆ ಹತ್ತಿರವಾದ ಕೆಲವು ಸಂಗತಿಗಳನ್ನು ವಿಶೇಷವಾಗಿ ಹೇಳಬೇಕು. ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ತಳಿರು ತೋರಣವು ಅಲ್ಲಿಯ ಕೆಲವರಿಗೆ ಅನುಮತಿಯಿಲ್ಲದ ಅಲಂಕಾರವಾಗಿ ಕಾಣಬಹುದು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನಿನಂತೆ ಪ್ರವೇಶದ್ವಾರದಲ್ಲಿ ಅಥವಾ ಅದರ ಚೌಕಟ್ಟಿನಲ್ಲಿ ಶ್ರದ್ಧೆಯಿಂದ ಇಡುವ ಧಾರ್ಮಿಕ ವಸ್ತುಗಳನ್ನು, ಅವು ಒಟ್ಟು 36 ಅಂಗುಲಕ್ಕೆ 12 ಅಂಗುಲದ ಅಳತೆಯೊಳಗಿದ್ದರೆ, ಸಂಘವು ತಡೆಯುವಂತಿಲ್ಲ. ಬಾಗಿಲು ತೆರೆಯಲು ಅಡ್ಡಿಯಾಗಬಾರದು, ಅಪಾಯಕಾರಿಯಾಗಿರಬಾರದು ಎಂಬ ಷರತ್ತುಗಳಿವೆ. ಟೆಕ್ಸಾಸಿನಲ್ಲಿ ಬಾಗಿಲಿಗೆ ಮಾತ್ರ ಸೀಮಿತವಾಗಿದ್ದ ಇಂತಹ ರಕ್ಷಣೆಯನ್ನು 2021ರಲ್ಲಿ ಮನೆಗೂ ಅದರ ನಿವೇಶನಕ್ಕೂ ವಿಸ್ತರಿಸಲಾಯಿತು. ದೀಪಾವಳಿಯ ದೀಪಮಾಲೆಯನ್ನು ತೆಗೆಯಲು ತಡವಾಯಿತೆಂದು ಫ್ಲಾರಿಡಾದಲ್ಲಿ ಒಮ್ಮೆಲೇ ದಂಡ ಹಾಕುವಂತಿಲ್ಲ. 2024ರ ಕಾನೂನಿನಂತೆ ಲಿಖಿತ ಸೂಚನೆ ಕೊಟ್ಟು ಒಂದು ವಾರ ಕಾಯಬೇಕು. ಕಸ ಒಯ್ಯುವ ದಿನಕ್ಕೆ 24 ಗಂಟೆ ಹಿಂದೆಮುಂದೆ ಡಬ್ಬಿಯು ರಸ್ತೆಯ ಅಂಚಿನಲ್ಲಿದ್ದರೂ ಅಲ್ಲಿ ದಂಡವಿಲ್ಲ.

ಸೀರೆಯ ವಿಷಯಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಕಾನೂನು ಮಾಲೀಕನ ಸ್ವಂತ ಬಳಕೆಯ ಹಿತ್ತಿಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಹಕ್ಕನ್ನು ರಕ್ಷಿಸುತ್ತದೆ. ಆದರೆ ಬಾಲ್ಕನಿಯನ್ನಾಗಲಿ ಅದರ ಕಂಬಿಯನ್ನಾಗಲಿ ಒಣಹಾಕುವ ಹಗ್ಗವೆಂದು ಪರಿಗಣಿಸುವಂತಿಲ್ಲ ಎಂದೂ ಅದೇ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಬಾಲ್ಕನಿಯ ಸೀರೆಗೆ ಬಂದ ಆಕ್ಷೇಪಣೆಯು ಸರಿಯಾಗಿರುವ ಸಂಭವವೇ ಹೆಚ್ಚು. ಅಲ್ಲಿ ವಾದಿಸುವುದಕ್ಕಿಂತ ಸೀರೆಯನ್ನು ಹಿತ್ತಿಲಿಗೆ ಒಯ್ಯುವುದೇ ಜಾಣತನ. ತಾಯಿಗೆ ಇದನ್ನು ಮೊದಲೇ ಮೃದುವಾಗಿ ತಿಳಿಸಿದರೆ ಅವಳ ಮನಸ್ಸೂ ನೋಯುವುದಿಲ್ಲ.

ಹಾಗಾದರೆ ಪತ್ರ ಬಂದ ದಿನ ಮಾಡತಕ್ಕದ್ದೇನು? ಮೊದಲು ಲಕೋಟೆಯನ್ನು ಕಾಯ್ದಿಡಬೇಕು, ಏಕೆಂದರೆ ಗಡುವಿನ ಎಣಿಕೆಗೆ ಅಂಚೆಯ ಮುದ್ರೆಯೇ ಸಾಕ್ಷಿ. ಗಡುವಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ಹೇಳಲಾದ ಸ್ಥಳದ ಛಾಯಾಚಿತ್ರವನ್ನು ಅಂದೇ ತೆಗೆಯಬೇಕು. ತಪ್ಪು ನಿಜವಿದ್ದರೆ ಕೂಡಲೇ ಸರಿಪಡಿಸಿ, ಸರಿಪಡಿಸಿದ ನಂತರದ ಚಿತ್ರವನ್ನೂ ತೆಗೆಯಬೇಕು. ಆಮೇಲೆ ಒಂದು ಪುಟ ಮೀರದ ಉತ್ತರ ಬರೆಯಬೇಕು. ತಮ್ಮ ಇಂಥ ದಿನಾಂಕದ ಪತ್ರ ತಲುಪಿದೆ; ಆಧಾರವಾದ ಕಲಮಿನ ಪ್ರತಿ, ದಂಡದ ದರಪಟ್ಟಿ, ತಮ್ಮ ಬಳಿಯಿರುವ ಛಾಯಾಚಿತ್ರಗಳನ್ನು ದಯವಿಟ್ಟು ಕಳುಹಿಸಿರಿ; ನಾನು ವಿಚಾರಣೆಯನ್ನು ಕೋರುತ್ತೇನೆ; ವಿಚಾರಣೆ ಮುಗಿಯುವವರೆಗೆ ದಂಡವನ್ನು ತಡೆಹಿಡಿಯಬೇಕೆಂದು ವಿನಂತಿಸುತ್ತೇನೆ. ಇಷ್ಟು ಸಾಕು. ಬೈಗುಳ ಬೇಡ, ಕುಲದ ಪ್ರತಿಷ್ಠೆಯ ವರ್ಣನೆ ಬೇಡ, ನೆರೆಯವನ ದೂರು ಬೇಡ. ಈ ಪತ್ರವನ್ನು ಸರ್ಟಿಫೈಡ್ ಅಂಚೆಯಲ್ಲಿ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಕಾಗದ ನಿಲ್ಲುತ್ತದೆ.

ವಿಚಾರಣೆಯಲ್ಲಿ ಎತ್ತಬಹುದಾದ ಆಕ್ಷೇಪಣೆಗಳು ಕೆಲವೇ. ನಿಯಮವೇ ಇಲ್ಲ ಅಥವಾ ದಂಡದ ಅಧಿಕಾರವಿಲ್ಲ ಎಂಬುದು ಒಂದು. ಸೂಚನೆ ಸರಿಯಾಗಿ ಬರಲಿಲ್ಲ, ಕಾಲಾವಕಾಶ ಕೊಡಲಿಲ್ಲ ಎಂಬುದು ಇನ್ನೊಂದು. ಹೇಳಿದ ಸಂಗತಿ ನಡೆದೇ ಇಲ್ಲ, ಅಥವಾ ಆಗಲೇ ಸರಿಪಡಿಸಲಾಗಿದೆ ಎಂಬುದು ಮೂರನೆಯದು. ಇದೇ ತಪ್ಪನ್ನು ಬೇರೆಯವರು ಮಾಡಿದಾಗ ಸುಮ್ಮನಿದ್ದು ನಮಗೆ ಮಾತ್ರ ದಂಡ ಹಾಕಲಾಗಿದೆ ಎಂಬುದು ನಾಲ್ಕನೆಯದು. ಈ ನಾಲ್ಕನೆಯದಕ್ಕೆ ದಿನಾಂಕ ಸಹಿತವಾದ ಚಿತ್ರಗಳು ಬೇಕು. ನೆರೆಮನೆಯ ಬಾಗಿಲಿನ ಕ್ರಿಸ್ಮಸ್ ಹಾರಕ್ಕೆ ಇಲ್ಲದ ಆಕ್ಷೇಪಣೆ ನಮ್ಮ ತೋರಣಕ್ಕೆ ಬಂದಿದ್ದರೆ ಅದು ಇನ್ನೂ ಗಂಭೀರ. ಧರ್ಮ ಅಥವಾ ಮೂಲದೇಶದ ಕಾರಣಕ್ಕೆ ವಸತಿಯಲ್ಲಿ ಭೇದ ಮಾಡುವುದನ್ನು ಅಮೆರಿಕೆಯ 1968ರ ಫೇರ್ ಹೌಸಿಂಗ್ ಕಾಯ್ದೆ ನಿಷೇಧಿಸಿದೆ. ಒಂದು ವರ್ಷದೊಳಗೆ ಆ ದೇಶದ ಕೇಂದ್ರ ವಸತಿ ಇಲಾಖೆಗೆ ದೂರು ಕೊಡಬಹುದು. ಆದರೆ ಸಾಕ್ಷಿಯಿಲ್ಲದೆ ಈ ಆರೋಪವನ್ನು ಹೊರಿಸುವುದು ತರವಲ್ಲ. ಹುಲ್ಲು ಕತ್ತರಿಸದಿದ್ದಕ್ಕೆ ಬಂದ ದಂಡಕ್ಕೆ ಜನಾಂಗದ ಬಣ್ಣ ಹಚ್ಚಿದರೆ ನಿಜವಾದ ಭೇದಭಾವವನ್ನು ಅನುಭವಿಸಿದವರ ಮಾತಿಗೂ ಬೆಲೆ ತಗ್ಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಹಣದ ಬಗೆಗಿನದು. ದಂಡ ಬೇರೆ, ಸಂಘದ ಚಂದಾ ಬೇರೆ. ದಂಡದ ಮೇಲಿನ ಸಿಟ್ಟಿಗೆ ಚಂದಾವನ್ನು ನಿಲ್ಲಿಸುವುದು ಮನೆಗೇ ಅಪಾಯ ತರುವ ಕೆಲಸ. ಟೆಕ್ಸಾಸಿನಲ್ಲಿ ಕೇವಲ ದಂಡದ ಬಾಕಿಗಾಗಿ ಮನೆಯನ್ನು ಹರಾಜು ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ದಂಡದ ಬಾಕಿಗಾಗಿ ನ್ಯಾಯಾಲಯದ ಹೊರಗೆ ಹರಾಜು ನಡೆಸುವಂತಿಲ್ಲ. ಫ್ಲಾರಿಡಾದಲ್ಲಿ 1,000 ಡಾಲರಿಗಿಂತ ಕಡಿಮೆಯ ದಂಡವು ಆಸ್ತಿಯ ಮೇಲೆ ಋಣಭಾರವಾಗಲಾರದು. ಆದರೆ ಚಂದಾ ಬಾಕಿಯ ಕಥೆಯೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಬಾಕಿಯು 1,800 ಡಾಲರ್ ಮುಟ್ಟಿದರೆ ಅಥವಾ 12 ತಿಂಗಳು ಮೀರಿದರೆ ಸಂಘವು ಮನೆಯ ಹರಾಜಿಗೆ ಹೊರಡಬಹುದು. ಲಕ್ಷಗಟ್ಟಲೆ ಡಾಲರಿನ ಮನೆಗೆ ಇಷ್ಟು ಸಣ್ಣ ಮೊತ್ತ ಸಂಚಕಾರ ತರಬಲ್ಲದೆಂಬುದನ್ನು ಮರೆಯಲಾಗದು. ಆದ್ದರಿಂದ ಚಂದಾವನ್ನು ತಿಂಗಳಿಗೆ ಸರಿಯಾಗಿ ಕಟ್ಟಿ, ಇದು ಚಂದಾ ಬಾಬತ್ತು ಎಂದು ಚೆಕ್ಕಿನ ಮೇಲೆ ಬರೆದು, ದಂಡದ ವಾದವನ್ನು ಪ್ರತ್ಯೇಕವಾಗಿ ನಡೆಸಬೇಕು.

ಮಂಡಲಿಯು ಒಪ್ಪದಿದ್ದರೂ ಬಾಗಿಲು ಮುಚ್ಚುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆಯವನು ಸಂಘದೊಡನೆ ಆಂತರಿಕ ಸಂಧಾನ ಸಭೆಯನ್ನು ಕೇಳಬಹುದು. ಅದಕ್ಕೆ ಶುಲ್ಕ ವಿಧಿಸುವಂತಿಲ್ಲ. ಆಮೇಲೆ ವಕೀಲರಿಲ್ಲದೆ ನಡೆಯುವ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯವಿದೆ. 100 ಡಾಲರಿಗೆ ಸಾವಿರಾರು ಡಾಲರ್ ಸುರಿಯುವ ವ್ಯಾಜ್ಯ ಮಾತ್ರ ಬೇಡ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಫೇರ್‌ಫ್ಯಾಕ್ಸಿನ ಸಂಘಕ್ಕೆ ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ.

ಊರಿನಲ್ಲಿಯೇ ಇರುವ ನಮಗೂ ಈ ಮಾತು ಹೊರಗಿನದಲ್ಲ. ಬೆಂಗಳೂರಿನ ಬಹುಮಹಡಿ ವಸತಿಗಳ ಸಂಘಗಳು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ರೂಪುಗೊಂಡು ಬಂದಿವೆ. ಅಲ್ಲಿಯೂ ಮೊದಲ ಪ್ರಶ್ನೆ ಅದೇ: ಈ ದಂಡ ಯಾವ ಬೈಲಾದಲ್ಲಿದೆ? ನಾಯಿ ಸಾಕಿದವರಿಗೆ ವಸತಿ ಸಂಘಗಳು ದಂಡ ವಿಧಿಸಲಾಗದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಸೂಚನಾ ಫಲಕದ ಮೇಲೆ ಅಂಟಿಸಿದ ಮಾತ್ರಕ್ಕೆ ಯಾವ ದಂಡವೂ ಕಾನೂನಾಗುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಸಂಘದ ಮಂಡಲಿ ಎಂದರೆ ಪರಕೀಯ ಸರ್ಕಾರವಲ್ಲ. ಅದು ಅದೇ ಬೀದಿಯ ಮನೆಯವರು ಮತ ಹಾಕಿ ಆರಿಸಿದ, ಹೆಚ್ಚಾಗಿ ಸಂಬಳವಿಲ್ಲದೆ ದುಡಿಯುವ, ಕೆಲವೇ ಜನರ ಗುಂಪು. ನಮ್ಮ ಮಕ್ಕಳು ಅದರ ವಾರ್ಷಿಕ ಸಭೆಗೆ ಹೋಗಲಿ. ಸಾಧ್ಯವಾದರೆ ಚುನಾವಣೆಗೆ ನಿಲ್ಲಲಿ. ನಿಯಮ ಮಾಡುವ ಮೇಜಿನ ಬಳಿ ಕುಳಿತವನು, ತೋರಣವೆಂದರೇನು, ಬಾಗಿಲ ಮುಂದಿನ ರಂಗೋಲಿ ಎಂದರೇನು ಎಂಬುದನ್ನು ದಂಡದ ಪತ್ರ ಹೊರಡುವ ಮುಂಚೆಯೇ ವಿವರಿಸಬಲ್ಲನು. ಹಾಗೆ ಕುಳಿತವನಿಗೆ ಇನ್ನೊಂದು ಹೊಣೆಯೂ ಉಂಟು. ಮತ್ತೊಬ್ಬರ ಮನೆಗೆ ಪತ್ರ ಕಳುಹಿಸುವ ಮುಂಚೆ ಅವರ ಬಾಗಿಲು ತಟ್ಟಿ ಒಂದು ಮಾತು ಕೇಳುವುದು ಆ ಹೊಣೆ. ಕೇಳಿ ತಿಳಿದ ಮೇಲೆ ಎಷ್ಟೋ ಪತ್ರಗಳನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ.